ಹೆಸರಾದವರ ಸಾವು: ಅನುಮಾನ ಎತ್ತುವುದು ಸರಿಯೇ?

ಪರ
ಕೇಳದಿದ್ದರೆ ಯಾರೂ ಹೇಳುವುದಿಲ್ಲ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪರವಾಗಿ ಬರೆದುಕೊಡಿ ಎಂದು ಕೇಳಿದರು, ಒಪ್ಪಿಕೊಂಡೆ. ಹಾಗಂತ ವಾಟ್ಸಾಪಿನಲ್ಲಿ ಬರುವ ಎಲ್ಲ ಕಥೆಗಳನ್ನೂ ನಂಬುವವನಲ್ಲ ನಾನು. ನೇತಾಜಿ ಸಾಧುವಿನ ವೇಷದಲ್ಲಿ ಬದುಕಿದ್ದರು ಎನ್ನುವುದನ್ನು ನಾನು ನಂಬಿಲ್ಲ. ಅಮೆರಿಕದ ಎಲ್ವಿಸ್ ಪ್ರೀಸ್ಲಿ 1977ರಲ್ಲಿ ಸಾಯಲೇ ಇಲ್ಲ ಎನ್ನುವುದನ್ನೂ ನಂಬಿಲ್ಲ. ಆದರೆ ಜನ ಅನುಮಾನ ಪಡುವುದೇ ತಪ್ಪು ಎಂದರೆ ನನಗೆ ಒಪ್ಪಿಗೆಯಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದ್ದೇನೆ. ಶಾಸ್ತ್ರೀಜಿಯವರ ವಿಷಯ ಬಂದಾಗೆಲ್ಲ ಒಬ್ಬ ಹುಡುಗನಾದರೂ ಕೈ ಎತ್ತುತ್ತಿದ್ದ. 'ಸಾರ್, ಅವರು ಹೇಗೆ ತೀರಿಕೊಂಡ್ರು?' ನಾನು ಗೊತ್ತಿದ್ದಷ್ಟು ಹೇಳುತ್ತಿದ್ದೆ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಪಾಕಿಸ್ತಾನದ ಅಯೂಬ್ ಖಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ರಾತ್ರಿ ತೀರಿಕೊಂಡರು. ಹೃದಯಾಘಾತ ಎಂದು ಸುದ್ದಿ ಬಂತು. ಮರಣೋತ್ತರ ಪರೀಕ್ಷೆ ಆಗಲಿಲ್ಲ. 'ಯಾಕೆ ಮಾಡಲಿಲ್ಲ ಸಾರ್?' ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ನಮ್ಮೂರ ಕೆರೆಯಲ್ಲಿ ಕೂಲಿಯವನೊಬ್ಬ ಮುಳುಗಿ ಸತ್ತರೂ ಪಂಚನಾಮೆ ಆಗುತ್ತದೆ, ಹೆಣ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತದೆ. ದೇಶದ ಪ್ರಧಾನಿ ಪರದೇಶದಲ್ಲಿ ತೀರಿಕೊಂಡರೆ ಪರೀಕ್ಷೆ ಬೇಡವೇ? ಅವರ ಹೆಂಡತಿ ಲಲಿತಾ ಶಾಸ್ತ್ರಿಯವರೇ ವಿಷಪ್ರಾಶನದ ಅನುಮಾನ ಹೇಳಿದ್ದರು. 2009ರಲ್ಲಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದಾಗ ಪ್ರಧಾನಿ ಕಚೇರಿ ಏನು ಹೇಳಿತು? ಒಂದು ದಾಖಲೆ ಇದೆ, ಆದರೆ ಕೊಡಲಾಗದು, ವಿದೇಶಿ ಸಂಬಂಧಕ್ಕೆ ಧಕ್ಕೆ ಆಗುತ್ತದೆ ಎಂದಿತು. ಹೀಗೆ ಹೇಳಿದ ಮೇಲೂ ಜನ ಸುಮ್ಮನಿರಬೇಕಾ?

ನೇತಾಜಿ ವಿಷಯದಲ್ಲೂ ಹಾಗೇ ಆಯಿತು. ಮೂರು ತನಿಖೆ ನಡೆದವು. ಶಾನವಾಜ್ ಸಮಿತಿ ಮತ್ತು ಖೋಸ್ಲಾ ಆಯೋಗ ವಿಮಾನ ಅಪಘಾತದಲ್ಲೇ ಸತ್ತರು ಎಂದವು. ಮುಖರ್ಜಿ ಆಯೋಗ ಇಲ್ಲ ಎಂದಿತು. ಆ ವರದಿಯನ್ನು ಸರ್ಕಾರ ಒಪ್ಪಲಿಲ್ಲ. ಜನ ಬಿಡದೆ ಕೇಳಿದ್ದರಿಂದಲೇ 2016ರ ಜನವರಿ 23ರಂದು ನೂರು ಕಡತಗಳು ಹೊರಗೆ ಬಂದವು. ಕೇಳದೇ ಹೋಗಿದ್ದರೆ ಅವು ಇನ್ನೂ ಬೀರುವಿನಲ್ಲೇ ಇರುತ್ತಿದ್ದವು.

ಸಿನಿಮಾದವರ ವಿಷಯಕ್ಕೆ ಬರೋಣ. 2018ರ ಫೆಬ್ರವರಿ 24ರಂದು ಶ್ರೀದೇವಿ ದುಬೈನ ಹೋಟೆಲಿನಲ್ಲಿ ತೀರಿಕೊಂಡರು. ಮೊದಲು ಹೃದಯ ನಿಂತು ಸಾವು ಎಂದು ಸುದ್ದಿ ಬಂತು. ಎರಡೇ ದಿನದಲ್ಲಿ ಅದು ಬಾತ್‌ಟಬ್ಬಿನಲ್ಲಿ ಮುಳುಗಿ ಸಾವು ಎಂದಾಯಿತು. ಹೇಳಿದ ಮಾತೇ ಬದಲಾದರೆ ಕೇಳುವವರ ಮನಸ್ಸಿನಲ್ಲಿ ಪ್ರಶ್ನೆ ಹುಟ್ಟುವುದು ಸಹಜ ಅಲ್ವಾ? ಇಂಗ್ಲೆಂಡಿನಲ್ಲಿ ಡಯಾನಾ ಸತ್ತಾಗಲೂ ಜನ ಸುಮ್ಮನಿರಲಿಲ್ಲ. ಪೊಲೀಸರು ತನಿಖೆ ಮಾಡಿ 2006ರಲ್ಲಿ 800ಕ್ಕೂ ಹೆಚ್ಚು ಪುಟಗಳ ವರದಿ ಕೊಟ್ಟರು. ಸಂಚು ಇರಲಿಲ್ಲ, ಚಾಲಕ ಕುಡಿದಿದ್ದ, ಕಾರು ವಿಪರೀತ ವೇಗದಲ್ಲಿತ್ತು ಎಂದು ಅದರಲ್ಲಿ ಬಂತು. ಒಳ್ಳೆಯದೇ ಆಯಿತು. ಅಷ್ಟಾದರೂ ತಿಳಿದದ್ದು ಜನ ಕೇಳಿದ್ದರಿಂದ.

ಅನುಮಾನದಿಂದ ಅಮಾಯಕರಿಗೆ ತೊಂದರೆ ಆಗುತ್ತದೆ ಎಂದು ಎದುರಿನವರು ಬರೆದಿರಬಹುದು. ಕಲ್ಲು ಎಸೆಯುವವರೇ ಬೇರೆ, ಪ್ರಶ್ನೆ ಕೇಳುವವರೇ ಬೇರೆ. ಕಲ್ಲು ಎಸೆಯುವವರನ್ನು ಪೊಲೀಸರು ನೋಡಿಕೊಳ್ಳಲಿ. ನಾನು ಕೇಳುತ್ತಿರುವುದು ಕಾಗದ. ಪರೀಕ್ಷೆ ಮಾಡಿ, ವರದಿ ಕೊಡಿ, ಕಡತ ತೆಗೆಯಿರಿ. ಶಾಸ್ತ್ರೀಜಿಯವರಿಗೆ ಅವತ್ತೇ ಒಂದು ಮರಣೋತ್ತರ ಪರೀಕ್ಷೆ ಮಾಡಿದ್ದರೆ ನನ್ನ ತರಗತಿಯ ಹುಡುಗರು ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ವಿರೋಧ
ಆ ಕಥೆ ನಮ್ಮ ಮನೆಯ ಒಳಗೂ ಬಂತು

ಹಾಸನದಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಹದಿನೆಂಟು ವರ್ಷದಿಂದ ನಾನೇ ಕೌಂಟರಿನಲ್ಲಿ ನಿಲ್ಲುತ್ತೇನೆ. 2021ರ ಅಕ್ಟೋಬರ್ 29ರ ಶುಕ್ರವಾರ ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಎದುರಿನ ಮೊಬೈಲ್ ಅಂಗಡಿಯ ಹುಡುಗ ಓಡಿ ಬಂದು 'ಅಕ್ಕಾ, ಅಪ್ಪು ಹೋಗ್ಬಿಟ್ರಂತೆ' ಎಂದ. ಬಾಯಿಗೆ ಬಂದಂತೆ ಬೈದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಬೀದಿಯ ಅಂಗಡಿಗಳ ಷಟರ್ ಒಂದೊಂದಾಗಿ ಇಳಿದವು. ನಾನೂ ಇಳಿಸಿದೆ. ಒಳಗೆ ಸ್ಟೂಲಿನ ಮೇಲೆ ಕೂತು ಅತ್ತೆ.

ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು. 46 ವರ್ಷ. ಬೆಳಿಗ್ಗೆ ವ್ಯಾಯಾಮ ಮಾಡಿದ್ದರು. ಸುಸ್ತು ಎಂದು ಕುಟುಂಬದ ವೈದ್ಯರ ಹತ್ತಿರ ಹೋದರು. ಇಸಿಜಿ ಆಯಿತು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಹೃದಯ ನಿಂತಿತ್ತು. ಇಷ್ಟೇ ನಡೆದದ್ದು. ಇಷ್ಟೇ ಆದ್ದರಿಂದಲೇ ಯಾರಿಗೂ ನಂಬಲಾಗಲಿಲ್ಲ. ಅಂಥ ಮನುಷ್ಯ ಸುಮ್ನೆ ಹೀಗೆ ಹೋಗಲು ಸಾಧ್ಯವೇ ಎಂದು ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತ್ತು.

ಆಮೇಲೆ ಕಥೆಗಳು ಶುರುವಾದವು. ಡಾಕ್ಟರು ತಡ ಮಾಡಿದರು. ಆಂಬುಲೆನ್ಸ್ ಯಾಕೆ ಕರೆಸಲಿಲ್ಲ? ಜಿಮ್ಮಿನಿಂದ ಹೋಯಿತು. ಕೋವಿಡ್ ಲಸಿಕೆಯಿಂದ ಹೋಯಿತು. ಅಭಿಮಾನಿಗಳು ಪೊಲೀಸರಿಗೆ ದೂರು ಕೊಟ್ಟರು. ಆ ಕುಟುಂಬವನ್ನು ವರ್ಷಗಟ್ಟಲೆ ನೋಡಿಕೊಂಡ ಹಿರಿಯ ವೈದ್ಯರ ಮನೆ, ಕ್ಲಿನಿಕ್ಕಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಇದೆಲ್ಲ ಬರೀ ಪ್ರಶ್ನೆ ಕೇಳಿದ್ದು ಎನ್ನುವವರಿಗೆ ನಾನು ಹೇಳುವುದಿಷ್ಟೇ: ಒಬ್ಬ ಡಾಕ್ಟರ ಮನೆ ಬಾಗಿಲಿಗೆ ಪೊಲೀಸರು ಬಂದು ನಿಂತ ಮೇಲೆ ಅದು ಪ್ರಶ್ನೆ ಅಲ್ಲ.

ಕೌಂಟರಿಗೆ ಬಂದವರೆಲ್ಲ ನನ್ನನ್ನು ಕೇಳುತ್ತಿದ್ದರು. ಇಸಿಜಿ ಮಾಡಿಸಿಯೂ ಹೇಗೆ ಹೋದರು? ನನಗೆ ತಿಳಿದಷ್ಟು ಹೇಳುತ್ತಿದ್ದೆ. ಇಸಿಜಿ ಆ ಕ್ಷಣದ ಚಿತ್ರ ಮಾತ್ರ. ಹೃದಯಾಘಾತದ ಶುರುವಿನಲ್ಲಿ ಅದು ಸರಿಯಾಗಿಯೇ ಕಾಣಬಹುದು. ರಕ್ತನಾಳ ಕಟ್ಟಿಕೊಂಡರೆ ಹೃದಯಾಘಾತ. ಹೃದಯದ ಬಡಿತವೇ ನಿಂತುಹೋದರೆ ಹೃದಯ ಸ್ತಂಭನ. ಎರಡನೆಯದಕ್ಕೆ ಸಿಗುವುದು ನಿಮಿಷಗಳು ಮಾತ್ರ. ಎದೆ ಒತ್ತಿ ರಕ್ತ ಓಡಿಸದಿದ್ದರೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಅದಕ್ಕೆ ಬೆಂಗಳೂರಿನ ಸದಾಶಿವನಗರವೂ ಒಂದೇ, ಸಕಲೇಶಪುರವೂ ಒಂದೇ.

ಲಸಿಕೆ ಎನ್ನುವವರಿಗೆ ಚಿರಂಜೀವಿ ಸರ್ಜಾ ಅವರ ಹೆಸರು ಹೇಳುತ್ತಿದ್ದೆ. ಅವರು 2020ರ ಜೂನ್ 7ರಂದು ಹೋದರು. ಚಿಕ್ಕ ವಯಸ್ಸು, ಅವರದೂ ಹೃದಯವೇ. ನಮ್ಮ ದೇಶದಲ್ಲಿ ಲಸಿಕೆ ಹಾಕಲು ಶುರು ಮಾಡಿದ್ದು 2021ರ ಜನವರಿ 16ಕ್ಕೆ. ಹಾಗಾದರೆ ಅವರಿಗೆ ಯಾವ ಲಸಿಕೆ? ಕೇಳಿದವರು ಒಂದು ನಿಮಿಷ ಸುಮ್ಮನಾಗುತ್ತಿದ್ದರು. ಆಮೇಲೆ ಮತ್ತೆ ಅದೇ ಮಾತು.

ಈಗ ನಮ್ಮ ಭಾವನ ವಿಷಯ ಹೇಳಬೇಕು. ನನ್ನ ಅಕ್ಕನ ಗಂಡ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಅಪ್ಪು ಎಂದರೆ ಪ್ರಾಣ. ಗೂಡ್ಸ್ ಆಟೋದ ಹಿಂದೆ ಅಪ್ಪು ಚಿತ್ರ ಬರೆಸಿದ್ದರು. ಆ ವರ್ಷದ ಬೇಸಿಗೆಯಲ್ಲಿ ನಾನೇ ಹಟ ಹಿಡಿದು ಕರೆದುಕೊಂಡು ಹೋಗಿ ಮೊದಲ ಡೋಸ್ ಹಾಕಿಸಿದ್ದೆ. ಎರಡನೆಯದಕ್ಕೆ ಇವತ್ತು ನಾಳೆ ಎನ್ನುತ್ತಿದ್ದರು. ಅಷ್ಟರಲ್ಲಿ ಅಪ್ಪು ಹೋದರು. ಆಮೇಲೆ ಭಾವ ಲಸಿಕೆ ಕೇಂದ್ರದ ಕಡೆ ತಲೆ ಹಾಕಲಿಲ್ಲ. ಬಿಪಿ ಮಾತ್ರೆಯನ್ನೂ ಬಿಟ್ಟರು. ಯಾರೋ ಕಳಿಸಿದ ಒಂದು ಆಡಿಯೋ ಅವರ ಫೋನಿನಲ್ಲಿತ್ತು. ಡಾಕ್ಟರುಗಳೆಲ್ಲ ಸೇರಿ ಹೇಗೆ ಅಪ್ಪುವನ್ನು ಉಳಿಸಲಿಲ್ಲ ಎಂದು ಅದರಲ್ಲಿ ಒಬ್ಬ ಅಳುತ್ತಾ ಹೇಳುತ್ತಿದ್ದ. ಅದನ್ನು ಎಷ್ಟು ಸಲ ಕೇಳಿದರೋ, ಎಷ್ಟು ಜನಕ್ಕೆ ಕೇಳಿಸಿದರೋ.

2023ರ ಜನವರಿ. ರಾತ್ರಿ ಹನ್ನೊಂದೂವರೆಗೆ ಅಕ್ಕ ಫೋನ್ ಮಾಡಿದಳು. 'ಇವರಿಗೆ ದವಡೆ ನೋವಂತೆ ಕಣೇ, ಎಡಗೈ ಜೋಮು ಅಂತಾರೆ, ಮೈಯೆಲ್ಲ ಬೆವರು.' ಜನವರಿ ಚಳಿಯಲ್ಲಿ ಬೆವರು ಎಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. 'ಈಗಲೇ ಆಸ್ಪತ್ರೆಗೆ ಹೊರಡಿ' ಎಂದೆ. ಭಾವ ಫೋನ್ ತಗೊಂಡರು. 'ಗ್ಯಾಸ್ ಕಣಮ್ಮ, ಸಂಜೆ ಬೋಂಡಾ ತಿಂದಿದ್ದೆ. ಅಪ್ಪುನೂ ಇಸಿಜಿ ಮಾಡಿಸ್ಕೊಂಡೇ ಹೋಗಿದ್ದು. ಅಲ್ಲಿಗೆ ಹೋದ್ರೇ ಭಯ.' ನಾನು ಗೋಗರೆದೆ. 'ಬೆಳಿಗ್ಗೆ ನೋಡೋಣ' ಎಂದು ಇಟ್ಟರು. ಜೀರಿಗೆ ಕಷಾಯ ಕುಡಿದು ಮಲಗಿದರಂತೆ. ಬೆಳಗಿನ ಜಾವ ಅಕ್ಕ ಮುಟ್ಟಿ ನೋಡಿದಾಗ ಮೈ ತಣ್ಣಗಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರ ಬಾಯಲ್ಲಿ ಒಂದೇ ಮಾತು. 'ಲಸಿಕೆ ಹಾಕಿಸ್ಕೊಂಡಿದ್ರಲ್ಲ, ಅದಕ್ಕೇ.' ಹಾಕಿಸಿದವಳು ನಾನು. ಅಕ್ಕ ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ನನ್ನ ಫೋನ್ ಎತ್ತುವುದು ಬಿಟ್ಟಳು. ಮೂರು ಯುಗಾದಿ, ಎರಡು ಗೌರಿ ಹಬ್ಬ ಹಾಗೇ ಹೋದವು. ಪ್ರತಿ ಗೌರಿ ಹಬ್ಬಕ್ಕೂ ಅವಳಿಗೆ ಬಾಗಿನ ಕೊಡುತ್ತಿದ್ದವಳು ನಾನು.

ಭಾವ ಹೋದ ವರ್ಷವೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಬಂತು. 18ರಿಂದ 45 ವರ್ಷದ, ಮೊದಲು ಆರೋಗ್ಯವಾಗಿದ್ದು ದಿಢೀರನೆ ಸತ್ತವರ ಬಗ್ಗೆ ದೇಶದ 47 ಆಸ್ಪತ್ರೆಗಳಲ್ಲಿ ಮಾಡಿದ್ದು. ಲಸಿಕೆ ಪಡೆದವರಲ್ಲಿ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದವರು, ಮನೆಯಲ್ಲಿ ಮೊದಲೇ ಹೀಗೆ ಸತ್ತವರಿರುವವರು, ವಿಪರೀತ ಕುಡಿದವರು, ಮೈ ದಣಿಯುವಷ್ಟು ಜೋರಾಗಿ ವ್ಯಾಯಾಮ ಮಾಡಿದವರು, ಇವರಿಗೆ ಅಪಾಯ ಹೆಚ್ಚು. ಆ ಸುದ್ದಿಯನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಅಕ್ಕನಿಗೆ ತೋರಿಸುವ ಧೈರ್ಯ ಬರಲಿಲ್ಲ.

ಕಥೆ ಕಟ್ಟುವವರಿಗೆ ಸತ್ತವರ ಮನೆಯವರು ಕಾಣುವುದೇ ಇಲ್ಲ. ನಟಿ ಸೌಂದರ್ಯ ಅವರನ್ನೇ ನೋಡಿ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ಏರಿದ ಸ್ವಲ್ಪ ಹೊತ್ತಿಗೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು. ಅಣ್ಣ ಅಮರನಾಥ್ ಅವರೂ ಜೊತೆಯಲ್ಲೇ ಹೋದರು. ಒಂದೇ ದಿನ ಒಂದೇ ಮನೆಯ ಇಬ್ಬರು. 21 ವರ್ಷ ಆದ ಮೇಲೆ, 2025ರಲ್ಲಿ, ಅದು ಅಪಘಾತವಲ್ಲ ಕೊಲೆ, ಜಮೀನಿನ ವಿಷಯ ಎಂದು ತೆಲಂಗಾಣದಲ್ಲಿ ಯಾರೋ ದೂರು ಬರೆದರು. ಅವರ ಪತಿ ಮುಂದೆ ಬಂದು ಇದೆಲ್ಲ ಸುಳ್ಳು ಎಂದು ಹೇಳಬೇಕಾಯಿತು. ಆ ಗಾಯವನ್ನು ಮತ್ತೆ ಕೆದಕುವ ಹಕ್ಕು ಯಾರು ಕೊಟ್ಟರು?

ಶಾಸ್ತ್ರೀಜಿ, ನೇತಾಜಿ ಎಂದು ಉದಾಹರಣೆ ಕೊಡುವವರಿದ್ದಾರೆ. ಅದು ದೇಶದ ರಾಜಕೀಯ, ಅದರ ಲೆಕ್ಕವೇ ಬೇರೆ. ನಾನು ಹೇಳುತ್ತಿರುವುದು ಅಪ್ಪು ಥರದವರ ಬಗ್ಗೆ, ಮನೆಮನೆಯಲ್ಲಿ ಫೋಟೋ ಇರುವವರ ಬಗ್ಗೆ. ಅವರ ಬಗ್ಗೆ ಹೇಳಿದ ಕಥೆಯನ್ನು ಜನ ತಮ್ಮ ಮೈಗೆ ಹಚ್ಚಿಕೊಳ್ಳುತ್ತಾರೆ.

ಅಪ್ಪು ಸಾವಿನಿಂದ ನಿಜವಾಗಿ ಏನು ಒಳ್ಳೆಯದಾಯಿತು ಎಂದು ಕೇಳಿದರೆ ಬೇಕಾದಷ್ಟು ಹೇಳಬಹುದು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಸಾವಿರಾರು ಜನ ಜಯದೇವ ಆಸ್ಪತ್ರೆಗೆ ಹೋಗಿ ಮೊದಲ ಸಲ ಎದೆ ತೋರಿಸಿಕೊಂಡರು. 2023ರಲ್ಲಿ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಔಷಧಿ ಅದು. ನಮ್ಮ ಭಾವನ ಕಾಲಕ್ಕೆ ಅದು ಇರಲಿಲ್ಲ. ಆದರೆ ಇಸಿಜಿ ಇತ್ತು. ಆಸ್ಪಿರಿನ್ ಇತ್ತು. ಹೊರಗೆ ಅವರದೇ ಆಟೋ ನಿಂತಿತ್ತು.

2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಹೋದರು ಎಂದು ದಿನಾ ಸುದ್ದಿ. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಮತ್ತೆ ಲಸಿಕೆ ಎಂದರು. ದೊಡ್ಡ ಸ್ಥಾನದಲ್ಲಿ ಇರುವವರೇ ಎಂದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಲಸಿಕೆಯ ನಂಟು ಅವರಿಗೂ ಸಿಗಲಿಲ್ಲ. ಮೈಸೂರಿನ ಜಯದೇವ ಮುಂದೆ ಬೆಳಗಿನ ಜಾವದಿಂದಲೇ ಸಾಲು.

ಆ ಗಲಾಟೆಯ ನಡುವೆ ಒಂದು ಸಂಜೆ ಅಕ್ಕನ ಫೋನ್ ಬಂತು. ಎರಡೂವರೆ ವರ್ಷದ ಮೇಲೆ. 'ಮಗೂಗೂ ಒಂದು ಸಲ ತೋರಿಸ್ಬೇಕೇನೆ?' ಅಷ್ಟೇ ಕೇಳಿದಳು. ಅವಳ ಮಗನಿಗೆ 24 ವರ್ಷ. ಮಾರನೇ ದಿನವೇ ಅಂಗಡಿಗೆ ಬೀಗ ಹಾಕಿ ಹೋದೆ. ಹುಡುಗನಿಗೆ ಬಿಪಿ ಸ್ವಲ್ಪ ಜಾಸ್ತಿ ಇತ್ತು. ಉಪ್ಪು ಕಮ್ಮಿ ಮಾಡು, ಮೂರು ತಿಂಗಳು ಬಿಟ್ಟು ಬಾ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಕೂತಿದ್ದಳು. ದುದ್ದ ದಾಟುವವರೆಗೂ ಮಾತಿಲ್ಲ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು. 'ಅವತ್ತು ರಾತ್ರಿ ಕರ್ಕೊಂಡು ಹೋಗಿದ್ರೆ ಉಳೀತಿದ್ರಾ?'

'ಗೊತ್ತಿಲ್ಲ ಅಕ್ಕ' ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.