ಅಂಗೈಯಲ್ಲಿ ಓಎಲ್‌ಟಿ

ಇಂಟರ್‌ನೆಟ್ ಸಲಕರಣೆಯನ್ನು ಕೊಳ್ಳುವ ಮೊದಲು ಅದನ್ನು ಅಂಗೈಯಲ್ಲಿ ಇಟ್ಟು ತೂಗಬೇಕೆಂದು ನಾನು ಓದಿದ ಯಾವ ಕೈಪಿಡಿಯೂ ಹೇಳಿಲ್ಲ. ನಮ್ಮೂರಿನಲ್ಲಿ ಮಾತ್ರ ಅದೇ ಮೊದಲ ಪರೀಕ್ಷೆ, ಮೇಲ್ಮನವಿಗೆ ಅವಕಾಶವಿಲ್ಲದ ಕೊನೆಯ ಪರೀಕ್ಷೆಯೂ ಅದೇ. ನಿನ್ನೆ ಸಂಜೆಯ ಸಭೆಯೂ ಈ ಪರೀಕ್ಷೆಯಲ್ಲೇ ಮುಗಿದುಹೋಗಿ, ಖರೀದಿ ಮತ್ತೆ ಮುಂದಕ್ಕೆ ಬಿದ್ದಿದೆ. ಸಿಟ್ಟು ಆರುವ ಮೊದಲು ಬರೆದುಬಿಡುವುದು ಲೇಸು.

ತೀರ್ಥಹಳ್ಳಿ ಮತ್ತು ಹೊಸನಗರದ ನಡುವಿನ ಗುಡ್ಡಗಳ ಸಂದಿಯಲ್ಲಿರುವ ನಮ್ಮದು 26 ಮನೆಗಳ ಊರು. ಮಲೆನಾಡಿನ ಲೆಕ್ಕದಲ್ಲಿ 26 ಮನೆ ಎಂದರೆ ನಡುವೆ ಅಷ್ಟೇ ತೋಟ, ಗದ್ದೆ, ಹಳ್ಳ, ದಣಪೆ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರವಾನಗಿ ಇರುವ ಸೇವಾಸಂಸ್ಥೆಯೊಂದು ರಸ್ತೆ ಬದಿಯ ಹಾಲಿನ ಡೇರಿಯವರೆಗೆ ಫೈಬರ್ ತಂದುಕೊಡಲು ಒಪ್ಪಿದೆ; ಅಲ್ಲಿಂದ ಒಳಗಿನ ಕೇಬಲ್ಲು, ಪೆಟ್ಟಿಗೆ, ಬ್ಯಾಟರಿ ಎಲ್ಲವೂ ಊರಿನವರ ಖರ್ಚು. ನಾನು ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯ ಅಟ್ಟದ ಮೇಲೆ ಕುಳಿತು ಮಾಡುವವನಾದ್ದರಿಂದ ಸಲಕರಣೆ ಆರಿಸುವ ಹೊಣೆ ನನ್ನ ತಲೆಗೆ ಬಂತು. ಹಣದ ಹೊಣೆ ಮೇಲಿನಮನೆ ಭಾವನದು. ಸಂಕಟ ಶುರುವಾದದ್ದು ಈ ಹೊಂದಾಣಿಕೆಯಿಂದಲೇ.

ಭಾವ ಆಯುಷ್ಯವಿಡೀ ಅಡಿಕೆ ವ್ಯಾಪಾರ ನೋಡಿದವರು. ಯಾವ ವಸ್ತುವನ್ನು ಕೊಟ್ಟರೂ ಮೊದಲು ಕವಳವನ್ನು ಒಂದು ಕೆನ್ನೆಗೆ ಸರಿಸಿ, ಬಲಗೈಯನ್ನು ಪಂಚೆಗೆ ಒರೆಸಿಕೊಂಡು, ವಸ್ತುವನ್ನು ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ ಎರಡು ಬಾರಿ ಮೇಲೆ ಕೆಳಗೆ ಆಡಿಸುತ್ತಾರೆ. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಯಾರೂ ಕೆಮ್ಮುವಂತಿಲ್ಲ. ಮೊದಲು ಅವರ ಅಂಗೈ ಏರಿದ್ದು ಓಎನ್‌ಯು, ಅಂದರೆ ಫೈಬರಿನಲ್ಲಿ ಬರುವ ಬೆಳಕನ್ನು ಪ್ರತಿ ಮನೆಯಲ್ಲೂ ಇಂಟರ್‌ನೆಟ್ಟಾಗಿ ಬದಲಿಸುವ ಬಿಳಿಯ ಪೆಟ್ಟಿಗೆ. ಅದು ಅಂಗೈಯಲ್ಲಿ ಒಂದು ಕುಣಿತ ಕುಣಿಯಿತು. "ಇದರೊಳಗೆ ಎಂತದೂ ಇಲ್ಲ ಮಾರಾಯ" ಎಂದು ಭಾವ ಕಣ್ಣು ತೆರೆದರು. ಒಳಗಿನ ಚಿಪ್ಪಿನ ಬಗ್ಗೆ ನಾನು ಹೇಳತೊಡಗಿದರೆ, "ಚಿಪ್ಪಿಗೆ ಬೇಡ, ಪೆಟ್ಟಿಗೆಗಾದರೂ ಸ್ವಲ್ಪ ತೂಕ ಬೇಡವಾ?" ಎಂಬ ಮಾತಿಗೆ ಸಭೆಯ ಅರ್ಧಭಾಗ ತಲೆಯಾಡಿಸಿತು. ಡೇರಿಯಲ್ಲಿ ಕೂರಿಸಬೇಕಾದ ಓಎಲ್‌ಟಿ (ಎಲ್ಲ ಮನೆಗಳಿಗೂ ಬೆಳಕು ಕಳಿಸುವ ಮೂಲ ಪೆಟ್ಟಿಗೆ) ತಗಡಿನ ಮೈಯದಾದ್ದರಿಂದ ಅದಕ್ಕೆ ಅಂಗೈ ಸ್ವಲ್ಪ ಬಗ್ಗಿತು. ಆದರೂ, "ಈ ದುಡ್ಡಿಗೆ ಇನ್ನೂ ಎರಡು ಕಿಲೋ ಬರಬೇಕಿತ್ತು" ಎಂಬ ಷರಾ ಬಿತ್ತು.

ಓಎಲ್‌ಟಿ ಆರಿಸುವುದೇ ಒಂದು ರಗಳೆ. ಅದರಲ್ಲಿ ಜಿಪಾನ್, ಇಪಾನ್ ಎಂದು ಎರಡು ಜಾತಿ. ಒಂದು ಜಿಪಾನ್ ಪೋರ್ಟು, ಅಂದರೆ ಫೈಬರ್ ಸಿಕ್ಕಿಸುವ ಕಿಂಡಿ, ಮನೆಗಳ ಕಡೆಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮನೆಗಳಿಂದ ವಾಪಸು 1.25 ಗಿಗಾಬಿಟ್ ಸಾಗಿಸುತ್ತದೆ. ಇಪಾನ್ ಎರಡೂ ದಿಕ್ಕಿಗೆ 1.25ರಷ್ಟೇ, ಬೆಲೆ ಮಾತ್ರ ಕಡಿಮೆ. ನನ್ನ ಮತ ಜಿಪಾನ್‌ಗೆ. ಒಂದು ಪೋರ್ಟಿನಿಂದ 32 ಮನೆಗಳಿಗೆ ನಿರಾಳವಾಗಿ ಕೊಡಬಹುದಾದ್ದರಿಂದ, ಬಳಸಲು ಒಂದು, ಸಿಡಿಲಿಗೆ ಬಲಿ ಕೊಡಲು ಇನ್ನೊಂದು ಎಂದು ಎರಡು ಪೋರ್ಟಿನ ಚಿಕ್ಕ ಓಎಲ್‌ಟಿ ಸಾಕೆಂಬುದು ನನ್ನ ಲೆಕ್ಕ. ಶಿವಮೊಗ್ಗದ ಅಂಗಡಿಯವನು ಮಾತ್ರ ಎಂಟು ಪೋರ್ಟಿನದನ್ನೇ ಮುಂದಕ್ಕೆ ತಳ್ಳುತ್ತಾ, "ಮುಂದೆ ಊರು ಬೆಳೆಯುತ್ತದೆ ಸಾರ್" ಎಂದ. ಎಂಟು ಪೋರ್ಟಿಗೆ 256 ಮನೆಗಳಾಗುತ್ತವೆ. ಹೋದ ವರ್ಷ ನಮ್ಮೂರಿನ ಇನ್ನೆರಡು ಮನೆಗಳಿಗೆ ಬೀಗ ಬಿದ್ದಿದೆ. 26ರಲ್ಲಿ ಮಕ್ಕಳ ಗಲಾಟೆ ಕೇಳಿಸುವ ಮನೆಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಅವನಿಗೆ ಏನು ಉತ್ತರ ಹೇಳುವುದೆಂದು ತೋಚದೆ ಬಿಲ್ಲಿನ ಅಂದಾಜು ಪಟ್ಟಿ ಮಡಚಿಕೊಂಡು ಬಂದೆ.

ನಿಜವಾದ ರಾದ್ಧಾಂತವಾದದ್ದು ಸ್ಪ್ಲಿಟರಿನಿಂದ. ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಉಕ್ಕಿನ ಕೊಳವೆ, ಒಂದು ಕಡೆಯಿಂದ ಒಂದು ಎಳೆ ಒಳಗೆ, ಇನ್ನೊಂದು ಕಡೆಯಿಂದ ಎಂಟು ಎಳೆ ಹೊರಗೆ. ಅಂಗೈಗೆ ಅದರ ಇರವೇ ತಿಳಿಯದ್ದರಿಂದ ಭಾವ ಕಣ್ಣು ಮುಚ್ಚುವ ಗೋಜಿಗೂ ಹೋಗಲಿಲ್ಲ. ಇದಕ್ಕೆ ಕರೆಂಟು ಬೇಡ, ಕೆಡುವ ಭಾಗಗಳಿಲ್ಲ, ಬಂದ ಬೆಳಕನ್ನು ಎಂಟು ಪಾಲು ಮಾಡಿ ಕಳಿಸುತ್ತದೆ ಎಂದು ನಾನು ಹೇಳಿದ್ದೇ ತಡ, ಪಾಲು ಎಂಬ ಶಬ್ದ ಕಿವಿಗೆ ಬಿದ್ದು ಅವರು ನೆಟ್ಟಗೆ ಕುಳಿತರು. "ನನಗೆ ಎಂಟರಲ್ಲಿ ಒಂದಾ? ದುಡ್ಡು ಮಾತ್ರ ಪೂರ್ತಿ?" ಬೆಳಕಿನ ಶಕ್ತಿ ಹಂಚಿಹೋದರೂ ಎಲ್ಲ ಮನೆಗಳ ಮಾಹಿತಿಯೂ ಪ್ರತಿ ಎಳೆಯಲ್ಲಿ ಪೂರ್ತಿಯಾಗಿಯೇ ಬರುತ್ತದೆ, ಆಯಾ ಮನೆಯ ಓಎನ್‌ಯು ತನ್ನದನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ ಎಂದು ಸಮಾಧಾನ ಹೇಳಿದೆ. ಭಾವ ಕವಳವನ್ನು ನಿಧಾನವಾಗಿ ಇನ್ನೊಂದು ಕೆನ್ನೆಗೆ ಸರಿಸಿದರು. "ಹಾಗಾದರೆ ನನ್ನ ಮನೆಯದು ಕೆಳಗಿನಮನೆಗೂ ಹೋಗುತ್ತದೆ ಅನ್ನು."

ಮೇಲಿನಮನೆಗೂ ಕೆಳಗಿನಮನೆಗೂ ಅಗಳದ ನೀರಿನ ವಿಚಾರವಾಗಿ ಅಪ್ಪಂದಿರ ಕಾಲದಿಂದ ಮಾತಿಲ್ಲ. ಎಲ್ಲವೂ ಗೂಢಲಿಪಿಯಲ್ಲಿ ಹೋಗುತ್ತದೆ, ಬೀಗ ಹಾಕಿದ ಪೆಟ್ಟಿಗೆ ಪಕ್ಕದ ಮನೆಯ ಜಗಲಿ ದಾಟಿ ಹೋದಂತೆ ಎಂದು ವಿವರಿಸಿದರೂ ಪ್ರಯೋಜನವಾಗಲಿಲ್ಲ. ಇಬ್ಬರಿಗೂ ಬೇರೆ ಬೇರೆ ಸ್ಪ್ಲಿಟರು ಕೊಟ್ಟರೂ ಅದಕ್ಕೂ ಮೇಲೆ ಒಂದು ಇದ್ದೇ ಇರುತ್ತದೆ, ಅದರ ಮೇಲೆ ಓಎಲ್‌ಟಿಯ ಅದೇ ಪೋರ್ಟು. ಎರಡನೆಯ ಪೋರ್ಟಿಗೆ ಸಿಡಿಲಿಗಿಂತ ಮೊದಲೇ ಬೇರೊಂದು ಉಪಯೋಗ ಒದಗಿಬಂತಲ್ಲ ಎಂದು ನನಗೆ ಹೊಳೆದದ್ದು ಆಗಲೇ.

ಕೇಬಲ್ಲಿನ ವಿಷಯದಲ್ಲಿ ಭಾವನಿಗೆ ಮನಸಾರೆ ಒಪ್ಪಿಗೆಯಾದದ್ದು ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ಲು. ಸುರುಳಿ ಎತ್ತಲು ಇಬ್ಬರು ಬೇಕು, ಮಂಗ ಕಚ್ಚಿದರೆ ಮಂಗನ ಹಲ್ಲೇ ಹೋಗುತ್ತದೆ. ಗಾಜಿನ ಎಳೆ ಸಿಡಿಲನ್ನು ಹರಿಸುವುದಿಲ್ಲ, ಆದರೆ ಅದರ ಸುತ್ತಲಿನ ಉಕ್ಕು ಹರಿಸುತ್ತದೆ. ಅದನ್ನು ಮರದಿಂದ ಮರಕ್ಕೆ ಕಟ್ಟಿದರೆ ಮುಂಗಾರು ಪೂರ್ವದ ಗುಡುಗಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಲೋಹವೇ ಇಲ್ಲದ, ಎಫ್‌ಆರ್‌ಪಿ (ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ಲೇ ಆಗಬೇಕೆಂದು ನಾನು ಪಟ್ಟು ಹಿಡಿದೆ. ಮಂಗನಿಗೆ ಏನು ಮಾಡುತ್ತೀ ಎಂಬ ಪ್ರಶ್ನೆಗೆ, ತುಂಡಾದಲ್ಲಿ ಬೆಸೆಯುವುದು ಎಂಬ ಉತ್ತರ ಯಾರಿಗೂ ರುಚಿಸಲಿಲ್ಲ. ಲೆಕ್ಕವೇನೋ ಸರಿಯಾಗಿಯೇ ಇದೆ: ಸಾಮಾನ್ಯ ಜಿಪಾನ್ ಮಾಡ್ಯೂಲು 28 ಡೆಸಿಬೆಲ್‌ವರೆಗಿನ ಬೆಳಕಿನ ನಷ್ಟ ತಡೆಯುತ್ತದೆ, ನಾಲ್ಕು ಪಾಲಿನ ಸ್ಪ್ಲಿಟರಿಗೆ 7, ಎಂಟು ಪಾಲಿನದಕ್ಕೆ ಹತ್ತೂವರೆ, ಮೂರು ಕಿಲೋಮೀಟರು ದಾರಿಗೆ ಒಂದು, ಕನೆಕ್ಟರುಗಳಿಗೆ ಎರಡು ಎಂದು ಕಳೆದರೂ ಏಳೂವರೆ ಉಳಿಯುತ್ತದೆ. ಒಳ್ಳೆಯ ಬೆಸುಗೆಗೆ ಹೆಚ್ಚೆಂದರೆ 0.1 ಖರ್ಚಾಗುವುದರಿಂದ ಮಂಗಗಳಿಗೂ ಬೀಳುವ ಅಡಿಕೆ ಮರಗಳಿಗೂ ಸಾಕಷ್ಟು ಅವಕಾಶ ಇಟ್ಟಿದ್ದೇನೆ. ಹಸಿರು ಕನೆಕ್ಟರಿನ ತುದಿ ಓರೆ, ನೀಲಿಯದು ನೇರ, ಒಂದನ್ನು ಇನ್ನೊಂದಕ್ಕೆ ತುರುಕಬೇಡಿ ಎಂಬ ನನ್ನ ಮಾತನ್ನು ಕೇಳಲು ಅಷ್ಟು ಹೊತ್ತಿಗೆ ಜಗಲಿಯಲ್ಲಿ ಯಾರೂ ಉಳಿದಿರಲಿಲ್ಲ.

ಇಷ್ಟೆಲ್ಲ ಗೊಣಗಿದರೂ ಈ ಕೆಲಸಕ್ಕೆ ಎಲ್ಲರಿಗಿಂತ ಮೊದಲು ದುಡ್ಡು ಹಾಕಿದವರು ಭಾವ. ಮಗಳು ಬೆಂಗಳೂರಿನಲ್ಲಿದ್ದಾಳೆ. 2020ರಲ್ಲಿ ಊರಿನ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಟಾರ್ಪಾಲು ಕಟ್ಟಿಕೊಂಡು ಕೂರುತ್ತಿದ್ದ ಅದೇ ಗುಡ್ಡದ ನೆತ್ತಿಗೆ ಭಾವ ಇಂದಿಗೂ ಸಂಜೆ ಕೋಲೂರಿಕೊಂಡು ಹತ್ತಿ, ಸಿಗ್ನಲ್ಲು ಸಿಗುವ ಕಲ್ಲಿನ ಮೇಲೆ ನಿಂತು, "ಊಟ ಆಯ್ತಾ ಮಗಾ?" ಎಂದು ಕೂಗಿ ಕೇಳುತ್ತಾರೆ. ಮಂಡಿನೋವಿನ ವಿಚಾರ ಅವಳಿಗೆ ಹೇಳಿಲ್ಲ. ಮಳೆ ಹಿಡಿದರೆ ಆ ಹಾದಿ ಜಾರುತ್ತದೆ, ಉಂಬಳ ಬೇರೆ.

ಹಾಗಾಗಿ ಜೂನ್‌ಗೆ ಮೊದಲು ಕೇಬಲ್ ಎಳೆದು ಮುಗಿಸಬೇಕು. ಅಡಿಕೆಗೆ ಬೋರ್ಡೋ ದ್ರಾವಣದ ಸಿಂಪಡಣೆ ಶುರುವಾದರೆ ಮರ ಹತ್ತುವವರು ಒಬ್ಬರೂ ಸಿಗುವುದಿಲ್ಲ, ಬೆಸುಗೆಯ ಯಂತ್ರ ತರುವ ಹುಡುಗ ಮಳೆಯಲ್ಲಿ ಬರುವುದಿಲ್ಲವೆಂದು ಈಗಲೇ ಹೇಳಿದ್ದಾನೆ. ಇಂದು ಬೆಳಿಗ್ಗೆ ಅಂಗಡಿಯವನಿಗೆ ಆರ್ಡರು ಕೊಟ್ಟುಬಿಡೋಣವೆಂದು ಮೇಲಿನಮನೆಗೆ ಹೋದರೆ ಭಾವ ಸಾಗರದ ಕಡೆ ಮದುವೆಗೆ ಹೋಗಿದ್ದರು. ಸ್ಯಾಂಪಲ್ ಓಎನ್‌ಯು ಕೂಡ ಚೀಲದಲ್ಲಿ ಅವರ ಜೊತೆಗೇ ಹೋಗಿದೆಯಂತೆ, ಮದುವೆಮನೆಯಲ್ಲಿ ತಿಳಿದವರು ನಾಲ್ಕು ಜನ ಸಿಗುತ್ತಾರೆ, ತೋರಿಸಿಕೊಂಡು ಬರುತ್ತೇನೆ ಎಂದು ಅಕ್ಕನ ಹತ್ತಿರ ಹೇಳಿದ್ದಾರೆ. ಅದರ ಅಡಾಪ್ಟರನ್ನು ಮಾತ್ರ ತೂಕ ಜಾಸ್ತಿಯೆಂದು ಮನೆಯಲ್ಲೇ ಬಿಟ್ಟು ಹೋಗಿದ್ದಾರೆ.