ಇಷ್ಟೇ ಇಷ್ಟಕ್ಕೆ ಎಷ್ಟು ಕ್ಯಾಲೊರಿ?

ಎರಡು ಸೋಮವಾರದ ಹಿಂದಿನ ಮಾತು. ಬೆಳಿಗ್ಗೆ ಆರೂಕಾಲು. ಕಾಫಿ ಇನ್ನೂ ಗಂಟಲಿಗೆ ಇಳಿದಿರಲಿಲ್ಲ. ಫೋನಿನಲ್ಲಿ ಕ್ಯಾಲೊರಿ ಲೆಕ್ಕ ಇಡುವ ಆ್ಯಪ್ ಟಿಣ್ ಎಂದಿತು. 'ನಿಮ್ಮ ದಿನದ ಶಕ್ತಿ ವ್ಯಯದ ಅಂದಾಜನ್ನು ಪರಿಷ್ಕರಿಸಲಾಗಿದೆ. ಹೊಸ ಅಂದಾಜು: 1,810 ಕ್ಯಾಲೊರಿ.' ಪಕ್ಕದಲ್ಲಿ ಒಂದು ಹಸಿರು ಎಲೆಯ ಚಿತ್ರ ಬೇರೆ.

ಅದರ ಹಿಂದಿನ ವಾರ 1,890 ಇತ್ತು. ಅಂದರೆ ಒಂದೇ ವಾರದಲ್ಲಿ 80 ಕ್ಯಾಲೊರಿ ಖೋತಾ. ಸಂಬಳ ಕಡಿತ ಮಾಡುವವರು ಕೂಡ ಮೊದಲು ಒಳಗೆ ಕರೆದು, ಕೂರಿಸಿ, ಕಂಪನಿಯ ಕಷ್ಟಸುಖ ಹೇಳಿಕೊಳ್ಳುತ್ತಾರೆ. ಇದು ಎಲೆ ತೋರಿಸಿ ಸುಮ್ಮನಾಯಿತು. ನನಗೆ ಉರಿದುಹೋಯಿತು. ಆ ಉರಿ ಇವತ್ತಿಗೂ ಪೂರ್ತಿ ಆರಿಲ್ಲ.

ಈ ಆ್ಯಪ್ ಹಾಕಿಕೊಂಡು ಮೂರು ತಿಂಗಳಾಯಿತು. ಪ್ಯಾಂಟಿನ ಗುಂಡಿ ಮತ್ತು ಕಾಜದ ನಡುವೆ ಮಾತುಕತೆ ಪೂರ್ತಿ ಮುರಿದುಬಿದ್ದ ದಿನ ಹಾಕಿಕೊಂಡಿದ್ದು. ವಯಸ್ಸು ಕೇಳಿತು, 46. ಎತ್ತರ 170 ಸೆಂಟಿಮೀಟರ್. ತೂಕ 78 ಕೆಜಿ. ಇಂಥ ಆ್ಯಪ್‌ಗಳಲ್ಲಿ ಬಹಳಷ್ಟಕ್ಕೆ 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವೇ ಆಧಾರ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಬೇಕು. ಗಂಡಸಾದರೆ ಕೊನೆಗೆ ಒಂದು 5 ಸೇರಿಸಬೇಕು, ಹೆಂಗಸಾದರೆ 161 ಕಳೆಯಬೇಕು. (ಈ 161ರ ವಿಷಯ ಮನೆಯಲ್ಲಿ ಗಟ್ಟಿಯಾಗಿ ಓದಬಾರದಿತ್ತು. ಓದಿದೆ.) ನನಗೆ ಬಂದ ಉತ್ತರ 1,617. ಸುಮ್ನೆ ಬಿದ್ದುಕೊಂಡಿದ್ದರೂ ದಿನಕ್ಕೆ ಇಷ್ಟು ಖರ್ಚಾಗುತ್ತದಂತೆ. ಓದಿ ಖುಷಿಯಾಯಿತು. ಬಿದ್ದುಕೊಳ್ಳುವುದರಲ್ಲಿ ನನಗೆ ಒಳ್ಳೆ ಅನುಭವವಿದೆ.

ಆಮೇಲೆ ಬಂತು ನೋಡಿ, 'ನಿಮ್ಮ ಚಟುವಟಿಕೆಯ ಮಟ್ಟ' ಎಂಬ ಪ್ರಶ್ನೆ. ಕೂತು ಕೆಲಸ ಮಾಡುವವರಿಗೆ 1.2ರ ಗುಣಾಕಾರ. ಹಗುರ ಚಟುವಟಿಕೆಗೆ 1.375. ಮಧ್ಯಮಕ್ಕೆ 1.55. ಅಲ್ಲಿಂದ ಮೇಲೆ 1.9ರ ತನಕ ಇದೆ, ಅದು ಮೂಟೆ ಹೊರುವವರಿಗೆ, ಓಟಗಾರರಿಗೆ. ನಾನು ವಿನಯವಂತ, ಅಷ್ಟು ಮೇಲೆ ಹೋಗಲಿಲ್ಲ. 'ಮಧ್ಯಮ' ಒತ್ತಿದೆ. 2,507 ಕ್ಯಾಲೊರಿ! ಬದುಕು ಹಸನಾಯಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ.

"ಮಧ್ಯಮ ಅಂದ್ರೆ ವಾರಕ್ಕೆ ಮೂರರಿಂದ ಐದು ದಿನ ವ್ಯಾಯಾಮ ಅಂತ ಬರೆದಿದೆ."

"ಹೌದು, ಮಾಡ್ತೀನಲ್ಲ."

"ಯಾವಾಗ?"

"ಇನ್ಮೇಲೆ."

ಅವಳು ಮುಂದೆ ಏನೂ ಹೇಳಲಿಲ್ಲ, "ಹೂಂ" ಅಂದಳಷ್ಟೆ. ಆ 'ಹೂಂ'ನಲ್ಲಿ ನನ್ನ ಹದಿನೆಂಟು ವರ್ಷದ 'ಇನ್ಮೇಲೆ'ಗಳ ಪಟ್ಟಿಯೇ ಇತ್ತು. ಬೆರಳು ತಾನಾಗಿ 'ಹಗುರ'ಕ್ಕೆ ಇಳಿಯಿತು. 2,224. ಒಂದು 'ಹೂಂ'ಗೆ 283 ಕ್ಯಾಲೊರಿ ಹೋಯಿತು. ಯಾವ ವ್ಯಾಯಾಮದಲ್ಲೂ ಇಷ್ಟು ಬೇಗ ಕರಗುವುದಿಲ್ಲ.

ಎರಡನೇ ವಾರ ನನ್ನ ಹುಟ್ಟಿದ ದಿನ. ಬೆಳಿಗ್ಗೆ ಆ್ಯಪ್ ಪರದೆ ತುಂಬ ಬಣ್ಣದ ಕಾಗದದ ಚೂರು ಉದುರಿಸಿ ಶುಭಾಶಯ ಹೇಳಿತು. ಅದು ಮುಗಿಯುತ್ತಲೇ ಅಂದಾಜು ನೋಡಿದರೆ 2,217. ಏಳು ಕ್ಯಾಲೊರಿ ಕಮ್ಮಿ! ಸೂತ್ರದಲ್ಲಿ ವಯಸ್ಸಿನ ಐದು ಪಟ್ಟು ಕಳೆಯುತ್ತಾರಲ್ಲ, ಆ ಲೆಕ್ಕ. ಏಳು ಕ್ಯಾಲೊರಿ ಅಂದರೆ ಅರ್ಧ ಟೀ ಚಮಚ ಸಕ್ಕರೆಯೂ ಅಲ್ಲ. ಆದರೂ ಹುಟ್ಟುಹಬ್ಬದ ದಿನ ಕೈ ಕುಲುಕುತ್ತಲೇ ಜೇಬಿಗೆ ಕೈ ಹಾಕಿದ ಹಾಗಾಯಿತು. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂದಿತ್ತು. 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದು, ಮೈಯ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ 20ರಿಂದ 60ರವರೆಗೆ ಈ ಖರ್ಚು ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ ಎಂದಿದ್ದರು. ಅದನ್ನು ಹಿಡಿದುಕೊಂಡು ಆ್ಯಪ್ ಜೊತೆ ಜಗಳಕ್ಕೆ ಹೊರಟೆ. ಅರ್ಧ ದಾರಿಯಲ್ಲಿ ಹೊಳೆಯಿತು, ನಾನು ಗೆದ್ದರೆ 'ವಯಸ್ಸಾಯ್ತು, ಮೊದಲಿನ ಹಾಗೆ ಕರಗಲ್ಲ' ಎಂಬ ನನ್ನ ಹಳೇ ನೆಪವೂ ಕೈಬಿಟ್ಟು ಹೋಗುತ್ತದೆ. ವಾಪಸ್ ಬಂದೆ.

ಖರ್ಚು ಜಾಸ್ತಿ ತೋರಿಸಲು ಕೈಗೆ ವಾಚು ಕಟ್ಟಿದೆ. ಅದು ಹೆಜ್ಜೆ ಎಣಿಸಿ ಆ್ಯಪ್‌ಗೆ ಕಳಿಸುತ್ತದೆ. 'ಹಗುರ ಚಟುವಟಿಕೆ'ಯಲ್ಲಿ ನನ್ನ ಓಡಾಟ ಒಮ್ಮೆ ಸೇರಿಯೇ ಇದೆ, ವಾಚಿನದು ಸೇರಿದರೆ ಒಂದೇ ನಡಿಗೆಗೆ ಎರಡು ಬಿಲ್ಲು. ಗೊತ್ತಿತ್ತು. ಸುಮ್ಮನಿದ್ದೆ. ಒಂದು ಭಾನುವಾರ ತಮ್ಮನ ಮಗುವಿನ ತೊಟ್ಟಿಲು ತೂಗುತ್ತಾ ಕೂತೆ. ವಾಚು ಕಟ್ಟಿದ ಕೈಯಲ್ಲೇ ತೂಗಿದ್ದು, ಬೇಕಂತಲೇ ಅಂತಲ್ಲ. ಮಗು ಮಲಗುವಷ್ಟರಲ್ಲಿ ನಾನು ಕುರ್ಚಿಯಿಂದ ಏಳದೆ 3,400 ಹೆಜ್ಜೆ ನಡೆದಿದ್ದೆ. ಮಗು ಮಲಗಿದ ಮೇಲೂ ಸ್ವಲ್ಪ ಹೊತ್ತು ತೂಗಿದೆ, ಅದು ಬೇಕಂತಲೇ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಕೈಪಟ್ಟಿಗಳನ್ನು ಪರೀಕ್ಷೆ ಮಾಡಿದ್ದರು. ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸಿಕೊಂಡದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು, ಕೊನೆಯದು ಶೇ. 93ರಷ್ಟು. ನನ್ನದು ಯಾವ ಕಡೆಗೆ ತಪ್ಪಿದರೂ ನನ್ನ ಪರವಾಗಿಯೇ ತಪ್ಪುತ್ತಿತ್ತು. ಹಾಗಾಗಿ ಪ್ರಶ್ನೆ ಮಾಡಲು ಹೋಗಲಿಲ್ಲ.

ಆದರೆ ಅದೇ ವಾಚು ಗಂಟೆಗೊಮ್ಮೆ ಕೈ ನಡುಗಿಸುತ್ತದೆ. 'ತುಂಬ ಹೊತ್ತಿನಿಂದ ಕೂತಿದ್ದೀರಿ, ಎದ್ದು ಓಡಾಡಿ.' ಮೊದಲ ಸಲ ಇದನ್ನು ಓದಿದಾಗ ಯಾಕೋ ಒಂಥರಾ ಆಯಿತು. ಚಿಕ್ಕವನಿದ್ದಾಗ ನಾನು ಒಂದು ಕಡೆ ಕೂತ ನೆನಪೇ ಇಲ್ಲ. ಊಟದ ಮಧ್ಯೆ ಎದ್ದು ಓಡುತ್ತಿದ್ದೆ. ಓದುವಾಗ ಕಾಲು ಕುಣಿಸುತ್ತಿದ್ದೆ. ಅಪ್ಪ, ಅಮ್ಮ, ಮೇಷ್ಟ್ರು ಎಲ್ಲರದೂ ಒಂದೇ ಮಾತು, "ಒಂದು ಕಡೆ ಕೂತ್ಕೊಳ್ಳೋ." ಅಪ್ಪ ನನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟು, ಕುಣಿತ ನಿಲ್ಲುವವರೆಗೂ ತೆಗೆಯುತ್ತಿರಲಿಲ್ಲ. ಹೀಗೆ ಕಾಲು ಕುಣಿಸುವುದು, ಎದ್ದು ಕೂರುವುದು, ಸುಮ್ಮನೆ ಸುಳಿದಾಡುವುದು ಇವೆಲ್ಲ ಸೇರಿಯೇ ದಿನಕ್ಕೆ ನೂರಾರು ಕ್ಯಾಲೊರಿ ಹೋಗುತ್ತದೆ ಅಂತ ಈಗ ಓದುತ್ತೇನೆ. ಅಷ್ಟು ವರ್ಷ ಬೈಸಿಕೊಂಡು ಕಷ್ಟಪಟ್ಟು ಕೂರುವುದನ್ನು ಕಲಿತೆ. ಈಗ ಅದಕ್ಕೇ ಸಂಬಳವನ್ನೂ ಕೊಡುತ್ತಾರೆ. ಮೊಣಕಾಲಿನ ಮೇಲೆ ಆ ಕೈ ಇಲ್ಲ, ಮಣಿಕಟ್ಟಿನ ಮೇಲೆ ಇದೊಂದಿದೆ, ಏಳು ಅನ್ನುತ್ತದೆ.

ಇರಲಿ, ಕಡಿತದ ವಿಷಯಕ್ಕೆ ಬರೋಣ. ಮೊದಲ ಕೆಲವು ವಾರ ಆ್ಯಪ್ ಸೂತ್ರದ ಮೇಲೆ ನಡೆಯಿತು. ಆಮೇಲೆ ಅದು ಸೂತ್ರ ಬಿಟ್ಟು, ವಾಚನ್ನೂ ಬಿಟ್ಟು, ನನ್ನನ್ನೇ ಓದಲು ಶುರು ಮಾಡಿತು. ಲೆಕ್ಕ ಸರಳ. ನಾನು ಎಷ್ಟು ತಿಂದೆ ಅಂತ ಬರೆಯುತ್ತೇನೆ. ದಿನಾ ಬೆಳಿಗ್ಗೆ ತೂಕ ಬರೆಯುತ್ತೇನೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ತಿಂದಿದ್ದು ಇಷ್ಟು, ತೂಕ ಇಳಿದಿದ್ದು ಇಷ್ಟು, ಅಂದಮೇಲೆ ಖರ್ಚಾಗಿದ್ದು ಇಷ್ಟು. ತೂಕ ಇಳಿಯದಿದ್ದರೆ ತಿಂದಷ್ಟೇ ಖರ್ಚು. ಒಂದು ರಾತ್ರಿ ಹೊರಗೆ ಉಂಡು ಬಂದ ಮರುದಿನ ತೂಕ ಒಂದೂವರೆ ಕೆಜಿ ಜಾಸ್ತಿ ತೋರಿಸಿದಾಗ ಎದೆ ಧಸಕ್ಕೆಂದಿತ್ತು. ಗುಣಿಸಿ ನೋಡಿದರೆ 11,550 ಕ್ಯಾಲೊರಿ. ನನಗೂ ಒಂದು ಮಿತಿ ಅಂತ ಇದೆ ಅಲ್ವಾ? ಅದೆಲ್ಲ ಉಪ್ಪು ಮತ್ತು ನೀರಿನ ಆಟವಂತೆ. ಆ್ಯಪ್ ಅದಕ್ಕೆ ಮರುಳಾಗಲಿಲ್ಲ, ಅದು ಹಲವು ದಿನಗಳ ಸರಾಸರಿ ನೋಡುತ್ತದೆ. ಜಾಣ.

ಜಾಣನೇ. ಆದರೆ ಒಂದೇ ಒಂದು ವಿಷಯದಲ್ಲಿ ಮುಗ್ಧ. ನಾನು ಬರೆದಿದ್ದನ್ನೆಲ್ಲ ನಂಬುತ್ತದೆ.

ನಾನು ಸುಳ್ಳು ಬರೆಯುವುದಿಲ್ಲ, ಅದು ಸತ್ಯ. ತಟ್ಟೆಗೆ ಬಡಿಸಿಕೊಂಡಿದ್ದನ್ನು ಗ್ರಾಂ ಲೆಕ್ಕದಲ್ಲಿ ಬರೆಯುತ್ತೇನೆ. ಆದರೆ ಊಟ ಮುಗಿದ ಮೇಲೆ ಇನ್ನೊಂದು ಕಾರ್ಯಕ್ರಮವಿದೆ. ಪಾತ್ರೆಗಳನ್ನು ತೊಳೆಯಲು ಹಾಕುವುದು ನನ್ನ ಪಾಲಿನ ಕೆಲಸ. ಒಂದು ಪಾತ್ರೆಯ ತಳದಲ್ಲಿ ಇಷ್ಟೇ ಇಷ್ಟು ಉಳಿದಿರುತ್ತದೆ. ಅದನ್ನು ಬೇರೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಲು ನಾಚಿಕೆಯಾಗುವಷ್ಟು ಕಮ್ಮಿ, ಚೆಲ್ಲಲು ಮನಸ್ಸಾಗದಷ್ಟು ಜಾಸ್ತಿ. ನಿಂತಲ್ಲೇ, ಸೌಟಿನಲ್ಲೇ, ಗುಳುಂ. ಮಗಳು ತಟ್ಟೆಯಲ್ಲಿ ಬಿಟ್ಟಿದ್ದು ಇಷ್ಟೇ ಇಷ್ಟು. ಬಿಸ್ಕತ್ತಿನ ಪೊಟ್ಟಣದಲ್ಲಿ ಮುರಿದದ್ದು ಒಂದು, ಅದನ್ನು ಬಿಸ್ಕತ್ತು ಅನ್ನಲಾಗುವುದಿಲ್ಲ. ಕಡಲೆಬೀಜದ ಡಬ್ಬಿಯ ಮುಚ್ಚಳ ಸರಿ ಕೂರಲಿಲ್ಲ, ಸ್ವಲ್ಪ ಕಮ್ಮಿ ಮಾಡಿದರೆ ಕೂರುತ್ತದೆ. ಇದ್ಯಾವುದೂ ಊಟ ಅಲ್ಲ, ಮನೆಗೆಲಸ. ಮನೆಗೆಲಸವನ್ನು ಆಹಾರದ ಪಟ್ಟಿಯಲ್ಲಿ ಯಾರು ಬರೆಯುತ್ತಾರೆ?

ಪರಿಣಾಮ ಏನಾಯಿತು ನೋಡಿ. ನಾನು ಬರೆದ ಲೆಕ್ಕ ಕಮ್ಮಿ, ತೂಕ ಮಾತ್ರ ಗಟ್ಟಿಯಾಗಿ 78ರಲ್ಲೇ ಕೂತಿದೆ. ಆ್ಯಪ್ ನನ್ನನ್ನು ಅನುಮಾನಿಸಲಿಲ್ಲ, ನನ್ನ ಮೈಯನ್ನು ಅನುಮಾನಿಸಿತು. 'ಪಾಪ, ಇಷ್ಟು ಕಮ್ಮಿ ತಿಂದರೂ ಇಳಿಯುತ್ತಿಲ್ಲ, ಇವರ ಖರ್ಚೇ ಕಮ್ಮಿ' ಅಂತ ಅಂದಾಜು ಇಳಿಸಿತು. ಅಂದಾಜು ಇಳಿದರೆ ತಿನ್ನುವ ಮಿತಿಯೂ ಇಳಿಯುತ್ತದೆ. ಮಿತಿ ಇಳಿದರೆ ಹಸಿವು. ಹಸಿವಾದರೆ ಮನೆಗೆಲಸದಲ್ಲಿ ಎಲ್ಲಿಲ್ಲದ ಆಸಕ್ತಿ. ಮುಂದಿನ ಸೋಮವಾರ ಮತ್ತೆ ಕಡಿತ. ಇದೇ ರೀತಿ ಮುಂದುವರಿದರೆ ಒಂದು ದಿನ ನಾನು ಏನೂ ತಿನ್ನುವುದಿಲ್ಲ, ಏನೂ ಖರ್ಚು ಮಾಡುವುದಿಲ್ಲ, ಬರೀ ಪಾತ್ರೆ ಖಾಲಿ ಮಾಡಿಕೊಂಡು ಬದುಕಿರುತ್ತೇನೆ ಅಂತ ಆ್ಯಪ್ ದಾಖಲಿಸುತ್ತಿತ್ತು.

ಆ 1,810ರ ರಾತ್ರಿ ನಾನು ಊಟಕ್ಕೆ ಕೂತು ಆ್ಯಪ್ ಮಾಡಿದವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಹೆಂಡತಿ ಎಂದಿನಂತೆ "ಹೂಂ" ಅಂದಳು. ಊಟವಾಯಿತು, ಪಾತ್ರೆ ಹಾಕಿದೆ, ಕೈ ಒರೆಸಿಕೊಂಡು ಬಂದೆ. ಅಡುಗೆಮನೆಯ ತಕ್ಕಡಿಯ ಪಕ್ಕ ಅವಳು ನಿಂತಿದ್ದಳು. ಕೈಯಲ್ಲಿ ಒಂದು ಚೀಟಿ. ನಾನು ಕೈ ತೊಳೆಯಲು ಹೋದಾಗ ಪ್ರತಿ ಪಾತ್ರೆಯನ್ನೂ ತೂಗಿ ಬರೆದುಕೊಂಡಿದ್ದಳು! ಮಗಳ ತಟ್ಟೆಯನ್ನೂ ಬಿಟ್ಟಿರಲಿಲ್ಲ. ಈಗ ಸಿಂಕಿನಿಂದ ಒಂದೊಂದೇ ಎತ್ತಿ ಮತ್ತೆ ತೂಗಿದಳು. ಕಳೆದಳು. ಕೂಡಿದಳು. ಮಗಳು ಕ್ಯಾಲ್ಕುಲೇಟರ್ ಹಿಡಿದು ಸಾಕ್ಷಿಗೆ ನಿಂತಿದ್ದಳು.

"212 ಗ್ರಾಂ," ಅಂದಳು.

"ಏನದು?"

"ಇಷ್ಟೇ ಇಷ್ಟು."

ಕ್ಯಾಲೊರಿಯಲ್ಲಿ ಹತ್ತಿರ ಹತ್ತಿರ 300. ಅದು ಬರೀ ರಾತ್ರಿಯದು. ಕಡಲೆಬೀಜದ ಡಬ್ಬಿ ತಕ್ಕಡಿಗೆ ಇನ್ನೂ ಬಂದಿರಲಿಲ್ಲ. ಅದಕ್ಕಿಂತ ಮೊದಲು ನಾನು ವಿಷಯ ಬದಲಿಸಲು ನೋಡಿದೆ. 1992ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿದೆ, ಡಯಟ್ ಮಾಡಿದರೂ ತೂಕ ಇಳಿಯಲ್ಲ ಅನ್ನುವವರನ್ನು ಪರೀಕ್ಷಿಸಿದರೆ ತಿಂದಿದ್ದನ್ನು ಸರಾಸರಿ ಶೇ. 47ರಷ್ಟು ಕಮ್ಮಿ ಹೇಳಿದ್ದರು, ಮಾಡಿದ ಚಟುವಟಿಕೆಯನ್ನು ಶೇ. 51ರಷ್ಟು ಜಾಸ್ತಿ ಹೇಳಿದ್ದರು ಅಂತ ವಿವರಿಸಿದೆ. ನಾನೊಬ್ಬನೇ ಅಲ್ಲ ಅನ್ನುವುದು ನನ್ನ ವಾದವಾಗಿತ್ತು. ಅದು ಅವಳ ವಾದ ಅಂತ ಹೇಳಿ ಮುಗಿಸುವಷ್ಟರಲ್ಲಿ ಗೊತ್ತಾಯಿತು.

ಮಾರನೇ ದಿನದಿಂದ ಎಲ್ಲವನ್ನೂ ಬರೆದೆ. ಸೌಟಿನದು, ತಟ್ಟೆಯದು, ಮುರಿದ ಬಿಸ್ಕತ್ತಿನದು. ಅಡುಗೆಗೆ ಬಿದ್ದ ಎಣ್ಣೆಯನ್ನೂ ಬರೆದೆ. ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿಯಂತೆ, ನಾನು ಅದನ್ನು ಇಷ್ಟು ದಿನ ಹೊಳಪು ಅಂದುಕೊಂಡಿದ್ದೆ. ದಿನಾ ಸಂಜೆಗೆ ಮಿತಿ ದಾಟಿ ಆ್ಯಪ್‌ನ ಪಟ್ಟಿ ಕೆಂಪಾಗುತ್ತಿತ್ತು. ಆಗಲಿ ಅಂತ ಬರೆದೆ.

ಈ ಸೋಮವಾರ ಮತ್ತೆ ಟಿಣ್. 'ನಿಮ್ಮ ದಿನದ ಶಕ್ತಿ ವ್ಯಯ 1,875ಕ್ಕೆ ಏರಿದೆ.' ಎಲೆಯ ಜೊತೆ ಈ ಸಲ ಒಂದು ನಕ್ಷತ್ರ. ನಾನು ಒಂದು ಹೆಜ್ಜೆಯೂ ಜಾಸ್ತಿ ನಡೆದಿರಲಿಲ್ಲ, ತೊಟ್ಟಿಲನ್ನೂ ತೂಗಿರಲಿಲ್ಲ. ತಿಂದಿದ್ದನ್ನು ತಿಂದೆ ಅಂತ ಬರೆದಿದ್ದಕ್ಕೆ 65 ಕ್ಯಾಲೊರಿ ವಾಪಸ್ ಬಂದಿತ್ತು. ಒಂದು ಬಾಳೆಹಣ್ಣಿಗೂ ಸಾಲದು, ಆದರೂ ಓಡಿಹೋಗಿ ಹೆಂಡತಿಗೆ ತೋರಿಸಿದೆ.

"ನಡೆದ್ರಾ ಜಾಸ್ತಿ?"

"ಇಲ್ಲ."

"ತೂಕ?"

"78."

"ಹೂಂ," ಅಂದು ಫೋನು ತೆಗೆದುಕೊಂಡಳು. ನಿನ್ನೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಬೆರಳಾಡಿಸಿ ನೋಡಿದಳು. "ರಾತ್ರಿ ಹತ್ತೂವರೆಗೆ ಫ್ರಿಜ್ ಲೈಟು ಹತ್ತಿತ್ತಲ್ಲ, ಅದು ಎಲ್ಲಿದೆ ಇದರಲ್ಲಿ?"

ಫೋನು ವಾಪಸ್ ತೆಗೆದುಕೊಂಡೆ. 'ಆಹಾರ ಸೇರಿಸಿ' ಒತ್ತಿದೆ. ಹೆಸರಿನ ಜಾಗದಲ್ಲಿ 'ಇಷ್ಟೇ ಇಷ್ಟು' ಅಂತ ಬರೆದೆ.

ಎಷ್ಟು ಗ್ರಾಂ, ಅಂತ ಕೇಳಿತು.