ದುಡ್ಡಿಗೆ ನೇರ ದಾರಿ, ಜನಕ್ಕೆ ಗುಂತಕಲ್ ಸುತ್ತು

ಬಳ್ಳಾರಿಯಿಂದ ರಾಯಚೂರಿಗೆ ಎಲ್ಲಕ್ಕಿಂತ ಬೇಗ ಹೋಗೋ ಸವಾರಿ ಯಾವುದು ಗೊತ್ತಾ? ಫೋನ್‌ಪೇ. ಕೌಲ್ ಬಜಾರಿನಲ್ಲಿ ನಿಂತು ಪಿನ್ ಒತ್ತಿ. ಬೆರಳು ತೆಗೆಯುವಷ್ಟರಲ್ಲಿ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಅಂಗಡಿಯಲ್ಲಿ ದುಡ್ಡು ಬಂತೆಂದು ಡಬ್ಬಿ ಕೂಗಿರುತ್ತದೆ. ಸೀಟಿಗೆ ಟವೆಲ್ ಹಾಕೋದಿಲ್ಲ, ಕಿಟಕಿಗೆ ಜಗಳ ಇಲ್ಲ. ಒಂದೇ ಷರತ್ತು, ನೀವು ರೂಪಾಯಿ ಆಗಿರಬೇಕು.

ಮನುಷ್ಯರಾಗಿ ಹುಟ್ಟಿ, ಅದರ ಮೇಲೆ ರೈಲಿನಲ್ಲೇ ಹೋಗ್ತೀನಿ ಅಂತ ಹಟ ಹಿಡಿದರೆ ನಿಮ್ಮ ಕರ್ಮ. ಬಳ್ಳಾರಿ ಬಿಟ್ಟು ಆಂಧ್ರಕ್ಕೆ ಹೋಗಬೇಕು. ಗುಂತಕಲ್‌ನಲ್ಲಿ ತಿರುಗಿಕೊಳ್ಳಬೇಕು. ಆದವಾನಿ, ಮಂತ್ರಾಲಯಂ ರೋಡ್ ಎಲ್ಲಾ ನೋಡಿಕೊಂಡು ಮತ್ತೆ ಕರ್ನಾಟಕಕ್ಕೆ ಬರಬೇಕು. ಕೊಪ್ಪಳದವರದ್ದೂ ಇದೇ ಕಥೆ, ಅವರಿಗೆ ಹೊಸಪೇಟೆ, ಬಳ್ಳಾರಿ ಬೋನಸ್. ಪಕ್ಕದ ಜಿಲ್ಲೆಗೆ ಹೋಗಲು ಪಕ್ಕದ ರಾಜ್ಯ ಸುತ್ತಿಸಿದ ಮೇಲೆ ಇನ್ನೇನು ಬೇಕು, ದೇಶ ಒಂದೇ ಅನ್ನೋದು ಮೈಮೂಳೆಗೆ ಗೊತ್ತಾಗುತ್ತದೆ.

ನೇರ ಲೈನ್ ಹಾಕುತ್ತಿಲ್ಲ ಎಂದು ಯಾರೂ ಬೈಯುವ ಹಾಗಿಲ್ಲ. ಗಂಗಾವತಿ, ಸಿಂಧನೂರು, ರಾಯಚೂರು ಮೇಲೆ ಹಾಯಬೇಕಾದ ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾಗಿದ್ದು 1997-98ರಲ್ಲಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ನಡುವೆ 2016ರಲ್ಲಿ ಯುಪಿಐ ಹುಟ್ಟಿತು. ಆಗ ಈ ಲೈನಿಗೆ ಮದುವೆ ವಯಸ್ಸು ದಾಟಿತ್ತು. ಯುಪಿಐ ತೆವಳಿತು, ನಡೆಯಿತು, ಓಡಿತು, 2023ರಲ್ಲಿ ಸಿಂಗಾಪುರದ ಪಾವತಿ ವ್ಯವಸ್ಥೆ ಪೇನೌ ಜೊತೆ ಕೈ ಜೋಡಿಸಿತು, 2024ರ ಫೆಬ್ರುವರಿಯಲ್ಲಿ ಪ್ಯಾರಿಸ್‌ಗೆ ಹೋಗಿ ಐಫೆಲ್ ಟವರ್ ಟಿಕೆಟ್ಟನ್ನೂ ತೆಗೆಯಿತು. ಅದೇ ವರ್ಷ ನಮ್ಮ ರೈಲು ಸಿಂಧನೂರು ತೆಗೆಯಿತು. ಎರಡೂ ಸಾಧನೆಯೇ. ಸುಮ್ನೆ ಹೋಲಿಸಬಾರದು.

ಈಗ ವೇದಿಕೆ ಹತ್ತಿದವರೆಲ್ಲ ಒಂದೇ ಮಾತು ಹೇಳುತ್ತಾರೆ. ಡಿಜಿಟಲ್ ಪಾವತಿಯಿಂದ ಈ ಭಾಗದ ಊರುಗಳು ಒಂದಾಗುತ್ತಿವೆಯಂತೆ. ಕೇಳಿದರೆ, ಅಲ್ಲಿವರೆಗೂ ಬಳ್ಳಾರಿ, ರಾಯಚೂರು, ಆದವಾನಿ, ತೆಲಂಗಾಣದ ಗದ್ವಾಲ ಬೇರೆ ಬೇರೆ ದ್ವೀಪದಲ್ಲಿದ್ದವೇನೋ ಅನ್ನಿಸಬೇಕು. ಆದವಾನಿಯಲ್ಲಿ ಹತ್ತಿಗೆ ರೇಟು ಜಾಸ್ತಿ ಅಂದರೆ ರಾಯಚೂರಿನ ರೈತ ಯಾವ ಆ್ಯಪ್ ಅಪ್ಡೇಟ್‌ಗೂ ಕಾಯುತ್ತಿರಲಿಲ್ಲ, ಗಾಡಿ ಆ ಕಡೆ ತಿರುಗಿಸುತ್ತಿದ್ದ. ದಲಾಲಿ ಅಂಗಡಿಯ ಒಂದು ಚೀಟಿ ಎರಡು ರಾಜ್ಯ ದಾಟಿ ಮರ್ಯಾದೆಯಿಂದ ನಗದಾಗುತ್ತಿತ್ತು. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿ ಯಾರ ಅನುಮತಿ ಕೇಳಿ ಊರೂರು ತಿರುಗಿತು? ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟಿಗೆ ಗಡಿ ಅಂದರೆ ಏನೆಂದೇ ಗೊತ್ತಿಲ್ಲ. ಒಂದಾಗಬೇಕಾಗಿದ್ದದ್ದು ಪೇಟೆಗಳಲ್ಲ, ಸರ್ಕಾರಿ ಕಾಗದಗಳು.

ಬಳ್ಳಾರಿಯ ಒಂದು ಒಗ್ಗರಣೆ-ಮಿರ್ಚಿ ಬಂಡಿ ನೋಡಿ. ಬಂಡಿಯ ಗಾಜಿಗೆ ಮೂರು ಕಂಪನಿಯ ಮೂರು ಸ್ಕ್ಯಾನರ್. ಒಂದರ ಮೇಲೆ ಎಣ್ಣೆ ಸಿಡಿದು ಅರ್ಧ ಮಾಯ. ಇನ್ನೊಂದರ ಮೇಲೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ದೃಷ್ಟಿ ದಾರ ನೇತಾಡುತ್ತದೆ, ಅದನ್ನು ಪಕ್ಕಕ್ಕೆ ಸರಿಸಿ ಹಿಡಿದುಕೊಂಡೇ ಸ್ಕ್ಯಾನ್ ಮಾಡಬೇಕು. ಆಂಧ್ರದ ಆಲೂರಿನಿಂದ ಬಂದವರು ತೆಲುಗಿನಲ್ಲಿ ಬಜ್ಜಿ ಕೇಳುತ್ತಾರೆ, ಮಾಲೀಕ ತೆಲುಗಿನಲ್ಲೇ ಕಟ್ಟಿಕೊಡುತ್ತಾನೆ, ಡಬ್ಬಿ ಮಾತ್ರ ಶುದ್ಧ ಕನ್ನಡದಲ್ಲಿ 'ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ' ಎನ್ನುತ್ತದೆ. ಇಷ್ಟು ಚೆಂದ ನಡೆಯುತ್ತಿದ್ದ ಸಂಸಾರಕ್ಕೆ 2025ರ ಜುಲೈನಲ್ಲಿ ಕಣ್ಣು ಬಿತ್ತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತರಕಾರಿಗೆ ತೆರಿಗೆಯೇ ಇಲ್ಲ, ಆದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸಿನಲ್ಲಿ 29 ಲಕ್ಷ ಇತ್ತು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಬೋರ್ಡ್ ಎದ್ದವು. ಬೆಂಗಳೂರಿನ ಅನುದಾನ ಈ ಕಡೆ ಬರಲು ವರ್ಷ ಹಿಡಿಯುತ್ತದೆ. ಈ ಭಯ ಮಾತ್ರ ಸಂಜೆ ಬಜ್ಜಿ ಹೊತ್ತಿಗೆ ತಲುಪಿತ್ತು.

"ಸರಕಾದ್ರ 40 ಲಕ್ಷದ ಮ್ಯಾಲೆ ಜಿಎಸ್‌ಟಿ ಅಂತ, ಸೇವೆ ಆದ್ರ 20 ಲಕ್ಷದ ಮ್ಯಾಲೆ ಅಂತ. ಮಿರ್ಚಿ ಸರಕೋ ಸೇವೆಯೋ ಹೇಳ್ರಿ ಸರ. ಪಾರ್ಸಲ್ ಕಟ್ಟಿದ್ರ ಒಂದು, ಪ್ಲೇಟಿನ್ಯಾಗ ಹಾಕಿ ನೀರು ಕೊಟ್ರ ಇನ್ನೊಂದೇನು?" ಎಂದು ಬಂಡಿಯವನು ಕೇಳಿದರೆ ಯಾವ ಆಡಿಟರ್ ತಾನೆ ಬಾಯಿ ಬಿಟ್ಟಾನು? ಮಿರ್ಚಿ ದುಡ್ಡು, ಅಳಿಯ ವಾಪಸ್ ಕೊಟ್ಟ ಕೈಗಡ, ಊರ ಜಾತ್ರೆ ಪಟ್ಟಿ, ಎಲ್ಲಾ ಬೀಳೋದು ಅದೇ ನಂಬರಿಗೆ. ಗಲಾಟೆ ಜಾಸ್ತಿಯಾದ ಮೇಲೆ ಹಳೇ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದರು. ಸದ್ಯ, ಅಳಿಯನ ಕೈಗಡಕ್ಕೆ ಜಿಎಸ್‌ಟಿ ಕಟ್ಟೋದು ತಪ್ಪಿತು.

ಕ್ಯಾಶ್ ಕೊಡೋಣ ಅಂದರೆ ಅಲ್ಲೊಂದು ಸ್ವತಂತ್ರ ಗಣರಾಜ್ಯ ಇದೆ. ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆಟೋದವರು, ಕಿರಾಣಿಯವರು ಇನ್ನೂ ಅನುಮೋದಿಸಿಲ್ಲ. "ನಡಿಯಂಗಿಲ್ರಿ." ಮುಗೀತು. ರಿಸರ್ವ್ ಬ್ಯಾಂಕಿನ ಗವರ್ನರ್ ಖುದ್ದಾಗಿ ಗಂಗಾವತಿ ಬಸ್ ಸ್ಟ್ಯಾಂಡಿಗೆ ಬಂದು ಕೊಟ್ಟರೂ ಚಹಾ ಅಂಗಡಿಯವನು ನೋಟು ಇದ್ದರೆ ಕೊಡ್ರಿ ಎನ್ನುತ್ತಾನೆ.

ನಿಜವಾದ ಸರ್ಕಸ್ ಇರೋದು ಬಸ್ಸಿನಲ್ಲಿ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ. ಅದೇ ವರ್ಷ ಡಿಸೆಂಬರ್‌ನಲ್ಲಿ ತೆಲಂಗಾಣ ಕೊಟ್ಟಿತು. 2025ರ ಆಗಸ್ಟ್ 15ರಿಂದ ಆಂಧ್ರವೂ ಕೊಟ್ಟಿತು. ರಾಯಚೂರಿನ ಸುತ್ತ ಮೂರು ರಾಜ್ಯ, ಮೂರರಲ್ಲೂ ಫ್ರೀ. ಹಾಗಾದರೆ ಇಲ್ಲಿನ ಹೆಣ್ಣುಮಕ್ಕಳು ಎಲ್ಲೆಡೆ ಪುಕ್ಕಟೆ ತಿರುಗಬಹುದು, ಅಲ್ವಾ? ಇಲ್ಲ. ಪ್ರತಿ ರಾಜ್ಯಕ್ಕೂ ತನ್ನ ವಿಳಾಸದ ಗುರುತಿನ ಚೀಟಿಯೇ ಬೇಕು.

ಈ ಭಾಗದಲ್ಲಿ ಸಂಬಂಧ ಬೆಳೆಸುವವರು ಗಡಿ ನೋಡಿಕೊಂಡು ಬೆಳೆಸುವುದಿಲ್ಲ. ಮಾನ್ವಿಯ ಹುಡುಗಿ ಗದ್ವಾಲಕ್ಕೆ ಸೊಸೆಯಾಗಿ ಹೋಗುತ್ತಾಳೆ. ಅತ್ತೆ ಮನೆಯವರು ಮೊದಲು ಮಾಡಿಸುವುದೇ ಆಧಾರ್ ವಿಳಾಸ ಬದಲಾವಣೆ. ಅಲ್ಲಿಗೆ ಕಥೆ ಉಲ್ಟಾ. ಗಂಡನ ಊರಿನಲ್ಲಿ ಎಲ್ಲಿಗೆ ಹೋದರೂ ಫ್ರೀ. ತವರಿಗೆ ಬಂದರೆ ಟಿಕೆಟ್. ಮಗಳನ್ನು ನೋಡಲು ಹೋದ ಅವ್ವ ಗದ್ವಾಲದ ಬಸ್ಸಿಗೆ ಕಾಲಿಟ್ಟ ಕೂಡಲೇ ಆಕೆಗೂ ಟಿಕೆಟ್. ತಾಯಿ ಮಗಳು ಅಕ್ಕಪಕ್ಕದ ಸೀಟಿನಲ್ಲಿ ಕೂತರೆ ಯಾವ ರಾಜ್ಯದಲ್ಲಾದರೂ ಒಬ್ಬರು ಕಾಸು ಬಿಚ್ಚಲೇಬೇಕು. ಅವ್ವ ಕಳಿಸಿದ ಐನೂರು ರೂಪಾಯಿಗೆ ಮಾತ್ರ ಎಲ್ಲಿಯೂ ಯಾರೂ ಆಧಾರ್ ಕೇಳಲ್ಲ.

ಹೀಗೆ ತವರಿಗೆ ಬಂದ ಮಗಳು ರಾಯಚೂರಿನಲ್ಲಿ ಮಾನ್ವಿ ಬಸ್ ಹತ್ತಿ ಅವ್ವನಿಗೆ ಫೋನ್ ಮಾಡುತ್ತಾಳೆ. "ಯವ್ವಾ, ಪರ್ಸಿನ್ಯಾಗ ಬರೀ ಹತ್ತರ ಕಾಯಿನ್ ಅದಾವು, ಟಿಕೆಟ್‌ಗೆ ನೂರು ರೂಪಾಯಿ ಹಾಕು." ಮಾನ್ವಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಹಾಕುತ್ತಾಳೆ. ಟಣ್ ಎಂದು ಬೀಳುತ್ತದೆ. ಮಗಳು ಖುಷಿಯಿಂದ ಮೊಬೈಲ್ ಎತ್ತಿ ತೋರಿಸುತ್ತಾಳೆ.

ಕಂಡಕ್ಟರ್ ಮಷಿನ್ ಅಲುಗಾಡಿಸಿ ನೋಡುತ್ತಾನೆ. "ನೆಟ್‌ವರ್ಕ್ ಇಲ್ಲಮ್ಮ. ಚಿಲ್ರಿ ಇದ್ರ ಕೊಡು, ಇಲ್ಲಾಂದ್ರ ಮಾನ್ವಿಗೆ ಇಳದ ಮ್ಯಾಲೆ ನಿಮ್ಮವ್ವನ್ನ ಕರಿ."